ಶಟಲ್ ಬಿಟ್ಟರೂ ಕಾರು ಕಡಿಮೆಯಾಗುತ್ತಿಲ್ಲ, ಏಕೆ?

ಪ್ರಶ್ನೆ: ಎಲೆಕ್ಟ್ರಾನಿಕ್ ಸಿಟಿಯ ಕಚೇರಿಯೊಂದರಲ್ಲಿ ಉದ್ಯೋಗಿಗಳ ಸಾರಿಗೆ ನೋಡಿಕೊಳ್ಳುವ ಕೆಲಸ ನನ್ನದು. 2025ರ ಆಗಸ್ಟ್‌ನಲ್ಲಿ ಹಳದಿ ಮೆಟ್ರೊ ಮಾರ್ಗ ಆರಂಭವಾದ ಮೇಲೆ ನಿಲ್ದಾಣದಿಂದ ಕಚೇರಿಗೆ ಶಟಲ್ ಬಸ್ ಬಿಟ್ಟೆವು, ಪ್ರಯಾಣದ ಅರ್ಧ ವೆಚ್ಚ ಕೊಟ್ಟೆವು, ಭಿತ್ತಿಪತ್ರಗಳನ್ನೂ ಅಂಟಿಸಿದೆವು (ಅವನ್ನು ಓದಿದವರು ಭದ್ರತಾ ಸಿಬ್ಬಂದಿ ಮಾತ್ರ). ಕಾರು ನಿಲ್ಲಿಸುವ ನೆಲಮಾಳಿಗೆ ಇನ್ನೂ ತುಂಬಿಯೇ ಇದೆ.

ಉತ್ತರ 1: ಪಾರ್ಕಿಂಗ್ ಉಚಿತವೇ?

ಪ್ರಶ್ನೆ ಕೇಳಿದವರು: ಹೌದು, ಎಲ್ಲರಿಗೂ.

ಉತ್ತರ 1: ಹಾಗಾದರೆ ಮೆಟ್ರೊಗೆ ಅರ್ಧ ಕೊಟ್ಟು, ಕಾರಿಗೆ ಪೂರ್ತಿ ಕೊಡುತ್ತಿದ್ದೀರಿ! ಕ್ಯಾಲಿಫೋರ್ನಿಯಾದಲ್ಲಿ 1992ರ ಕಾನೂನೊಂದು, ಪಾರ್ಕಿಂಗ್ ಜಾಗವನ್ನು ಬಾಡಿಗೆಗೆ ಪಡೆದು ಉಚಿತವಾಗಿ ಕೊಡುವ ಕೆಲವು ಸಂಸ್ಥೆಗಳಿಗೆ, ಬೇಡವೆಂದವರಿಗೆ ಅದರ ಬೆಲೆಯನ್ನು ನಗದಾಗಿ ಕೊಡಲು ಹೇಳಿತು. ನಗರ ಯೋಜನೆಯ ಪ್ರಾಧ್ಯಾಪಕ ಡೊನಾಲ್ಡ್ ಶೂಪ್ ಹೀಗೆ ನಗದು ಕೊಟ್ಟ ಎಂಟು ಸಂಸ್ಥೆಗಳನ್ನು ಅಧ್ಯಯನ ಮಾಡಿದಾಗ, ಒಬ್ಬರೇ ಕಾರಿನಲ್ಲಿ ಬರುವವರ ಪಾಲು ಶೇ 76ರಿಂದ 63ಕ್ಕೆ ಇಳಿದಿತ್ತು.

ಉತ್ತರ 2: ಹಣವಷ್ಟೇ ಸಾಲದು. ನಾನು ಕಾರು ತರುವುದು ಬೆಳಗಿನ ಪ್ರಯಾಣಕ್ಕಲ್ಲ. ಮಗುವಿಗೆ ಜ್ವರವೆಂದು ಮಧ್ಯಾಹ್ನ ಶಾಲೆಯಿಂದ ಕರೆ ಬರಬಹುದೆಂಬ ಭಯಕ್ಕೆ. ತುರ್ತಿಗೆ ಕಚೇರಿಯೇ ಟ್ಯಾಕ್ಸಿ ಕೊಡುವುದಾದರೆ ನಾಳೆಯೇ ಮೆಟ್ರೊ ಹತ್ತುತ್ತೇನೆ.

ಪ್ರಶ್ನೆ ಕೇಳಿದವರು: ಟ್ಯಾಕ್ಸಿಗೆ ಒಪ್ಪಿಗೆ ಪಡೆಯಬಲ್ಲೆ. ಪಾರ್ಕಿಂಗ್ ಶುಲ್ಕದ ಮಾತೆತ್ತಿದರೆ ಮೊದಲು ಸಿಡಿಯುವವರು ಮೇಲಧಿಕಾರಿಗಳೇ. ಅವರ ಕಾರುಗಳು ನಿಲ್ಲುವುದು ಲಿಫ್ಟ್ ಪಕ್ಕದಲ್ಲಿ.