ನಾರ್ತ್ ಕೆರೊಲಿನಾದ ‘ಬಾತ್‌ರೂಮ್ ಕಾನೂನು’: ಕಂಪನಿಗಳು ತಿರುಗಿಬಿದ್ದವು, ಆಮೇಲೆ ನಿಜಕ್ಕೂ ರದ್ದಾಗಿದ್ದೆಷ್ಟು? (ಪ್ರಶ್ನೋತ್ತರ)

ಪ್ರಶ್ನೆ: ನಾರ್ತ್ ಕೆರೊಲಿನಾದ ಕ್ಯಾರಿಯಲ್ಲಿ ಕೆಲಸ ಸಿಗುವ ಹಾಗಿದೆ. 2016ರಲ್ಲಿ ಆ ರಾಜ್ಯ ಎಲ್‌ಜಿಬಿಟಿ ಜನರ ವಿರುದ್ಧ ಕಾನೂನು ತಂದಿತ್ತು, ಆನ್‌ಲೈನ್ ಹಣ ಪಾವತಿಯ ಪೇಪಾಲ್, ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಎಲ್ಲ ಹಿಂದೆ ಸರಿದವು, ಕೊನೆಗೆ ಸರ್ಕಾರ ಮಣಿದು ಕಾನೂನನ್ನೇ ರದ್ದು ಮಾಡಿತು ಅಂತ ಓದಿದ್ದೆ. ಹಾಗಾದರೆ ಆ ಕಥೆ ಅಲ್ಲಿಗೆ ಮುಗಿಯಿತು ಅಂತ ತಿಳಿಯಬಹುದಾ?

ಉತ್ತರ (ಉದ್ಯೋಗ ಕಾನೂನಿನ ವಕೀಲರು): ರದ್ದಾಗಿದ್ದು ನಿಜ, ಪೂರ್ತಿ ರದ್ದಾಗಿದ್ದು ಸುಳ್ಳು. ಎಚ್‌ಬಿ2 (ಹೌಸ್ ಬಿಲ್ 2, ಆ ಕಾನೂನಿನ ಹೆಸರು) ಅಂದರೆ ಎಲ್ಲರಿಗೂ ಶೌಚಾಲಯವೊಂದೇ ನೆನಪಾಗುತ್ತದೆ. ಅದು ನಾಲ್ಕು ಭಾಗಗಳಿದ್ದ ಕಾನೂನು, ಪ್ರತಿಭಟನೆಯ ಬಿಸಿ ತಟ್ಟಿದ್ದು ಮುಖ್ಯವಾಗಿ ಒಂದಕ್ಕೆ.

ಮೊದಲು ಹಿನ್ನೆಲೆ. 2016ರ ಫೆಬ್ರವರಿ 22ರಂದು ಷಾರ್ಲಟ್ ನಗರಸಭೆ 7–4 ಮತಗಳಿಂದ ತನ್ನ ತಾರತಮ್ಯ ನಿಷೇಧ ನಿಯಮಕ್ಕೆ ಲೈಂಗಿಕ ಒಲವು ಮತ್ತು ಲಿಂಗತ್ವದ ಗುರುತನ್ನು ಸೇರಿಸಿತು. ಹೋಟೆಲ್, ಅಂಗಡಿ, ಟ್ಯಾಕ್ಸಿಯಂಥ ಕಡೆ ಯಾರನ್ನೂ ಈ ಕಾರಣಕ್ಕೆ ಹೊರಗಟ್ಟುವಂತಿಲ್ಲ ಎಂಬುದು ಅದರ ತಿರುಳು. ಏಪ್ರಿಲ್ 1ಕ್ಕೆ ಜಾರಿಯಾಗಬೇಕಿತ್ತು. ಅಷ್ಟರೊಳಗೆ ತಡೆಯಲೇಬೇಕೆಂದು ಮಾರ್ಚ್ 23ರಂದು ವಿಶೇಷ ಅಧಿವೇಶನ ಕರೆದರು. ಮಸೂದೆ ಮಂಡನೆ, ಎರಡೂ ಸದನಗಳ ಒಪ್ಪಿಗೆ, ಗವರ್ನರ್ ಪ್ಯಾಟ್ ಮೆಕ್ರೋರಿ ಅವರ ಸಹಿ, ಎಲ್ಲ ಅದೇ ದಿನ ಮುಗಿಯಿತು. ಸೆನೆಟ್‌ನಲ್ಲಿ ಡೆಮಾಕ್ರಟರು ಸಭಾತ್ಯಾಗ ಮಾಡಿದ್ದರಿಂದ ಮತ 32–0. (ಅಲ್ಲಿ ಗವರ್ನರ್ ಅಂದರೆ ನಮ್ಮ ರಾಜ್ಯಪಾಲರಂತಲ್ಲ. ಜನರೇ ಆರಿಸಿದ, ಆಡಳಿತ ನಡೆಸುವ ಮುಖ್ಯಸ್ಥ.)

ಇನ್ನು ಆ ನಾಲ್ಕು ಭಾಗ. ಒಂದು, ಸರ್ಕಾರಿ ಕಟ್ಟಡ ಮತ್ತು ಸರ್ಕಾರಿ ಶಾಲೆಗಳಲ್ಲಿ ಜನನ ಪ್ರಮಾಣಪತ್ರದಲ್ಲಿರುವ ಲಿಂಗಕ್ಕೆ ತಕ್ಕ ಶೌಚಾಲಯವನ್ನೇ ಬಳಸಬೇಕು. ಎರಡು, ಊರೂರಿನ ತಾರತಮ್ಯ ನಿಷೇಧ ನಿಯಮಗಳಿಗೆ ಬೆಲೆಯಿಲ್ಲ. ರಾಜ್ಯದ ಪಟ್ಟಿಯೇ ಅಂತಿಮ, ಆ ಪಟ್ಟಿಯಲ್ಲಿ ಲೈಂಗಿಕ ಒಲವೂ ಇಲ್ಲ, ಲಿಂಗತ್ವದ ಗುರುತೂ ಇಲ್ಲ. ಮೂರು, ಖಾಸಗಿ ಮಾಲೀಕರಿಗೆ ಕನಿಷ್ಠ ಕೂಲಿ ನಿಗದಿ ಮಾಡುವ ಅಧಿಕಾರ ನಗರಗಳಿಗಿಲ್ಲ. ನಾಲ್ಕು, ಜನಾಂಗ, ಧರ್ಮ, ವಯಸ್ಸು, ಲಿಂಗದ ಕಾರಣಕ್ಕೆ ಕೆಲಸದಿಂದ ತೆಗೆದರೆ ರಾಜ್ಯ ನ್ಯಾಯಾಲಯದಲ್ಲಿ ದಾವೆ ಹೂಡುವ ಹಕ್ಕೂ ಹೋಯಿತು. ಈ ನಾಲ್ಕನೆಯದು ಎಲ್ಲ ನೌಕರರಿಗೂ ಬಿದ್ದ ಪೆಟ್ಟು, ನಮ್ಮಂಥ ವಲಸಿಗರಿಗೂ ಸೇರಿ. ಅದನ್ನು ಅದೇ ವರ್ಷ ಜುಲೈನಲ್ಲಿ ಮರಳಿಸಿದರು, ಆದರೆ ಮೊದಲು ಮೂರು ವರ್ಷವಿದ್ದ ಕಾಲಮಿತಿಯನ್ನು ಒಂದು ವರ್ಷಕ್ಕೆ ಇಳಿಸಿ ಕೊಟ್ಟರು. ಹೆಚ್ಚು ಸುದ್ದಿಯಾಗಲಿಲ್ಲ.

ಶೌಚಾಲಯದ ಭಾಗವನ್ನು ಜಾರಿ ಮಾಡುವ ದಾರಿಯೇ ಕಾನೂನಿನಲ್ಲಿ ಇರಲಿಲ್ಲ. ತಪಾಸಣೆ ಯಾರು ಮಾಡಬೇಕು, ದಂಡವೆಷ್ಟು, ಯಾವುದೂ ಬರೆದಿಲ್ಲ. ಖಾಸಗಿ ಕಚೇರಿಗಳಿಗೆ ಅದು ಅನ್ವಯವೂ ಆಗುತ್ತಿರಲಿಲ್ಲ. ಆದರೆ ಜನನ ಪ್ರಮಾಣಪತ್ರ ತಿದ್ದಿಸಲು ಆಗ ಆ ರಾಜ್ಯದಲ್ಲಿ ಶಸ್ತ್ರಚಿಕಿತ್ಸೆಯ ವೈದ್ಯಕೀಯ ಪುರಾವೆ ಬೇಕಿತ್ತು. ವರ್ಷಗಟ್ಟಲೆ ಗಂಡಸಾಗಿಯೇ ಬದುಕುತ್ತಿರುವ, ಗಡ್ಡ ಬಿಟ್ಟ ಟ್ರಾನ್ಸ್ ಪುರುಷನೊಬ್ಬ (ಹುಟ್ಟಿದಾಗ ಹೆಣ್ಣೆಂದು ದಾಖಲಾದವನು) ಕಾಗದದ ಪ್ರಕಾರ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಹೆಂಗಸರ ಶೌಚಾಲಯಕ್ಕೇ ಹೋಗಬೇಕಾಗಿತ್ತು. ಯಾರ ಭದ್ರತೆಯ ಹೆಸರಿನಲ್ಲಿ ಈ ಕಾನೂನು ತಂದರೋ ಅವರಿಗೂ ಇದರಿಂದ ನೆಮ್ಮದಿ ಸಿಗುವಂತಿರಲಿಲ್ಲ.

ಪ್ರಶ್ನೆ: ಒಂದು ನಗರದ ನಿಯಮವನ್ನು ರಾಜ್ಯ ಹೀಗೆ ಏಕಾಏಕಿ ಅಳಿಸಿಹಾಕಬಹುದಾ?

ಉತ್ತರ (ವಕೀಲರು): ಹಾಕಬಹುದು. ನಗರಗಳಿಗೆ ಅಧಿಕಾರ ಬರುವುದೇ ರಾಜ್ಯ ಶಾಸಕಾಂಗದಿಂದ. 2024ರ ಕಾಯ್ದೆಯೊಂದರ ಮೂಲಕ ಕರ್ನಾಟಕ ಸರ್ಕಾರ ಬಿಬಿಎಂಪಿಯನ್ನೇ ಐದು ಪಾಲಿಕೆಗಳಾಗಿ ಒಡೆದಿದ್ದು ನೆನಪಿದೆಯಲ್ಲ, ಆ ಅಧಿಕಾರ ಸಂಬಂಧ ಅಲ್ಲೂ ಹೆಚ್ಚುಕಡಿಮೆ ಹಾಗೇ.

ಪ್ರಶ್ನೆ: ಕಂಪನಿಗಳ ಒತ್ತಡ ಕೆಲಸ ಮಾಡಿದ್ದು ಹೇಗೆ? ಹೇಳಿಕೆ ಕೊಡೋದು ಎಲ್ಲರೂ ಕೊಡ್ತಾರೆ.

ಉತ್ತರ (ಸಮಾವೇಶ ಮತ್ತು ಹೂಡಿಕೆ ಒಪ್ಪಂದಗಳ ಸಲಹೆಗಾರರು): ಹೇಳಿಕೆಗಳಿಂದ ಏನೂ ಆಗಲಿಲ್ಲ. ಇನ್ನೂ ಅಲ್ಲಿ ಬೇರೂರದ ಹಣ ಬೇರೆ ಕಡೆ ಹೋದಾಗ ಆಯಿತು. ಪೇಪಾಲ್ ಮಾರ್ಚ್ 18ರಂದು ಷಾರ್ಲಟ್‌ನಲ್ಲಿ 400 ಜನರ ಕೇಂದ್ರ ತೆರೆಯುವುದಾಗಿ ಘೋಷಿಸಿತ್ತು. ಕಾನೂನು ಬಂದಿದ್ದು ಐದು ದಿನಕ್ಕೆ. ಏಪ್ರಿಲ್ 5ಕ್ಕೆ ಪೇಪಾಲ್ ಯೋಜನೆ ಕೈಬಿಟ್ಟಿತು. ಆ ರಾಜ್ಯ ಕೊಡುವ ಪ್ರೋತ್ಸಾಹಧನ, ಕೆಲಸಗಳು ಸೃಷ್ಟಿಯಾದ ಮೇಲೆ, ಲೆಕ್ಕ ಪರಿಶೀಲಿಸಿ ಕೊಡುವಂಥದ್ದು. ಆದ್ದರಿಂದ ಹಿಂದೆ ಸರಿದ ಕಂಪನಿ ವಾಪಸು ಕಟ್ಟಬೇಕಾದ್ದೂ ಇರಲಿಲ್ಲ. ಏಪ್ರಿಲ್ 12ರಂದು ಡಾಯ್ಚ ಬ್ಯಾಂಕ್ ನಿಮ್ಮ ಕ್ಯಾರಿಯಲ್ಲೇ 250 ಉದ್ಯೋಗಗಳ ವಿಸ್ತರಣೆ ನಿಲ್ಲಿಸಿತು. ಅದೇ ದಿನ ಗವರ್ನರ್ ರಾಜ್ಯ ಸರ್ಕಾರಿ ನೌಕರರಿಗೆ ಮಾತ್ರ ರಕ್ಷಣೆ ಕೊಡುವ ಆದೇಶ ಹೊರಡಿಸಿದರು. ಯಾರಿಗೂ ಸಮಾಧಾನವಾಗಲಿಲ್ಲ.

ಇದಕ್ಕೆ ಹೋಲಿಸಿದರೆ, ಆಗಲೇ ಅಲ್ಲಿ ನೆಲೆಯೂರಿದ್ದ ದೊಡ್ಡ ಬ್ಯಾಂಕುಗಳು ಖಂಡನಾ ಪತ್ರಕ್ಕೆ ಸಹಿ ಹಾಕಿದವು, ಆದರೆ ಅಲ್ಲಿಂದ ಕದಲಲಿಲ್ಲ. ಸಾವಿರಾರು ನೌಕರರು, ಸ್ವಂತ ಕಟ್ಟಡ ಇರುವವರು ಎಲ್ಲಿಗೆ ಹೋದಾರು? ಶಾಸಕರಿಗೂ ಅದು ಗೊತ್ತಿತ್ತು.

ಕ್ರೀಡೆಯ ಕಥೆ ಬೇರೆ, ಅದಕ್ಕೆ ಕ್ಯಾಲೆಂಡರ್ ಇರುತ್ತದೆ. ಜುಲೈ 21ರಂದು ಎನ್‌ಬಿಎ 2017ರ ಆಲ್‌ಸ್ಟಾರ್ ಪಂದ್ಯವನ್ನು ಷಾರ್ಲಟ್‌ನಿಂದ ತೆಗೆಯಿತು, ಅದು ನ್ಯೂ ಆರ್ಲಿಯನ್ಸ್‌ಗೆ ಹೋಯಿತು. ಸೆಪ್ಟೆಂಬರ್ 12ರಂದು ಕಾಲೇಜು ಕ್ರೀಡೆಗಳ ಸಂಸ್ಥೆ ಎನ್‌ಸಿಎಎ ಆ ಸಾಲಿನ ಏಳು ಚಾಂಪಿಯನ್‌ಶಿಪ್ ಪಂದ್ಯಾವಳಿಗಳನ್ನು ರಾಜ್ಯದಿಂದ ಹೊರಗೆ ಒಯ್ದಿತು. ಎರಡು ದಿನಕ್ಕೆ ಆ ಭಾಗದ ಕಾಲೇಜು ತಂಡಗಳ ಎಸಿಸಿ ಲೀಗ್ ಕೂಡ ಅದನ್ನೇ ಮಾಡಿತು. ಬಾಸ್ಕೆಟ್‌ಬಾಲ್ ಅಂದರೆ ಪ್ರಾಣ ಬಿಡುವ ಆ ರಾಜ್ಯಕ್ಕೆ ಇದು ಎಷ್ಟು ಚುಚ್ಚಿತೆಂದು ತಿಳಿಯಲು ಒಂದು ಉದಾಹರಣೆ ಸಾಕು: ಗ್ರೀನ್ಸ್‌ಬರೊದಲ್ಲಿ ನಡೆಯಬೇಕಿದ್ದ 2017ರ ಎನ್‌ಸಿಎಎ ಬಾಸ್ಕೆಟ್‌ಬಾಲ್ ಪಂದ್ಯಾವಳಿಯ ಆರಂಭಿಕ ಸುತ್ತು ಸೌತ್ ಕೆರೊಲಿನಾದ ಗ್ರೀನ್‌ವಿಲ್‌ಗೆ ಹೋಯಿತು, ಅಲ್ಲಿ ನಾರ್ತ್ ಕೆರೊಲಿನಾದ ಡ್ಯೂಕ್ ವಿಶ್ವವಿದ್ಯಾಲಯದ ತಂಡ ಸೌತ್ ಕೆರೊಲಿನಾ ವಿಶ್ವವಿದ್ಯಾಲಯಕ್ಕೇ ಸೋತು ಹೊರಬಿತ್ತು. ಕಾನ್ಫೆಡರೇಟ್ ಧ್ವಜದ (ಗುಲಾಮಗಿರಿ ಉಳಿಸಿಕೊಳ್ಳಲು ಹೊರಟ ದಕ್ಷಿಣದ ರಾಜ್ಯಗಳ ಧ್ವಜ) ಕಾರಣಕ್ಕೆ 2015ರವರೆಗೂ ಎನ್‌ಸಿಎಎ ಇಂಥ ಪಂದ್ಯಗಳನ್ನು ಕೊಡದೆ ಇದ್ದದ್ದು ಅದೇ ಸೌತ್ ಕೆರೊಲಿನಾಕ್ಕೆ.

ಗಡುವು ಬಿದ್ದಿದ್ದು 2017ರ ಮಾರ್ಚ್ ಕೊನೆಯ ವಾರ. 2018ರಿಂದ 2022ರವರೆಗಿನ ಪಂದ್ಯಗಳ ಸ್ಥಳಗಳನ್ನು ಎನ್‌ಸಿಎಎ ಒಟ್ಟಿಗೇ ನಿರ್ಧರಿಸುವುದಿತ್ತು. ನಾರ್ತ್ ಕೆರೊಲಿನಾದ ನಗರಗಳು, ಕಾಲೇಜುಗಳು 133 ಅರ್ಜಿ ಹಾಕಿದ್ದವು. ಈ ವಾರ ತಪ್ಪಿದರೆ ಐದಾರು ವರ್ಷ ಏನೂ ಇಲ್ಲ ಎಂಬ ಸ್ಥಿತಿ. ಮಾರ್ಚ್ 30ಕ್ಕೆ ರದ್ದು ಮಸೂದೆ ಅಂಗೀಕಾರವಾಗಿ ಸಹಿಯೂ ಬಿತ್ತು.

ಪ್ರಶ್ನೆ: ನಷ್ಟ 3.76 ಶತಕೋಟಿ ಡಾಲರ್ ಅಂತ ಎಲ್ಲ ಕಡೆ ಬರೆಯುತ್ತಾರೆ. ನಂಬಬಹುದಾ?

ಉತ್ತರ (ಸಲಹೆಗಾರರು): ಸಂಖ್ಯೆ ಅಸೋಸಿಯೇಟೆಡ್ ಪ್ರೆಸ್‌ನದು, 2017ರ ಮಾರ್ಚ್‌ನದು. ಆದರೆ ಅದು ಒಂದು ವರ್ಷದ ನಷ್ಟವಲ್ಲ, ಹನ್ನೆರಡು ವರ್ಷಗಳಲ್ಲಿ ಬರಬಹುದಾಗಿದ್ದ ಹಣ. ಅದರಲ್ಲಿ 2.66 ಶತಕೋಟಿ ಪೇಪಾಲ್ ಒಂದರದ್ದೇ, ಅದೂ ರಾಜ್ಯದ ಅಧಿಕಾರಿಗಳೇ ಮೊದಲು ಹಾಕಿದ್ದ ಅಂದಾಜು. ರಾಜ್ಯದ ಒಟ್ಟು ಉತ್ಪನ್ನ ವರ್ಷಕ್ಕೆ 500 ಶತಕೋಟಿ ಡಾಲರ್‌ಗೂ ಹೆಚ್ಚು. ಹಾಗಾಗಿ ರಾಜ್ಯ ದಿವಾಳಿಯಾಯಿತು ಅನ್ನುವುದೂ ತಪ್ಪು, ಏನೂ ಆಗಲಿಲ್ಲ ಅನ್ನುವುದೂ ತಪ್ಪು. ಹೊರೆ ಕೆಲವೇ ನಗರಗಳ ಮೇಲೆ ಬಿತ್ತು. ಹೋಟೆಲ್ ಕೆಲಸದವರು, ಊಟೋಪಚಾರದವರು, ಕ್ರೀಡಾಂಗಣದ ದಿನಗೂಲಿಯವರು ಅದನ್ನು ಹೊತ್ತರು. ನಿಯಮ ತಂದಿದ್ದ ಷಾರ್ಲಟ್ ನಗರವೇ ಹೆಚ್ಚು ಕಳೆದುಕೊಂಡಿತು. ಬಹಿಷ್ಕಾರದಲ್ಲಿ ಇರುವ ನೋವಿನ ಸಂಗತಿ ಇದೇ: ಏಟು ತಾಗುವುದು ಆ ಕಾನೂನನ್ನು ವಿರೋಧಿಸಿದವರಿಗೆ.

ಪ್ರಶ್ನೆ: ಇದರಿಂದಲೇ ಗವರ್ನರ್ ಸೋತರು ಅಲ್ವಾ?

ಉತ್ತರ (ವಕೀಲರು): ಇದೊಂದರಿಂದಲೇ ಅನ್ನಲು ಬರುವುದಿಲ್ಲ. ಮೆಕ್ರೋರಿ ಸೋತಿದ್ದು ಸುಮಾರು 10 ಸಾವಿರ ಮತಗಳಿಂದ, ಗೆದ್ದವರು ಈ ಕಾನೂನನ್ನು ಸಮರ್ಥಿಸಿ ವಾದಿಸಲಾರೆ ಎಂದಿದ್ದ ಅಟಾರ್ನಿ ಜನರಲ್ ರಾಯ್ ಕೂಪರ್. ಅದೇ ದಿನ ಅದೇ ರಾಜ್ಯದಲ್ಲಿ ಟ್ರಂಪ್ ಆರಾಮವಾಗಿ ಗೆದ್ದರು, ಸೆನೆಟರ್ ರಿಚರ್ಡ್ ಬರ್ ಕೂಡ ಗೆದ್ದರು. ಷಾರ್ಲಟ್ ಉತ್ತರದ ಜನರಿಗೆ ಐ-77 ಹೆದ್ದಾರಿಯ ಟೋಲ್ ವಿಚಾರದಲ್ಲೂ ಸಿಟ್ಟಿತ್ತು. ಅಂತರ ಇಷ್ಟು ಸಣ್ಣದಿದ್ದಾಗ ಎಚ್‌ಬಿ2 ಸಾಕಷ್ಟು ಭಾರವೇ. ಶಾಸಕಾಂಗದಲ್ಲಿ ಮಾತ್ರ ರಿಪಬ್ಲಿಕನ್ ಬಹುಮತ ಅಲುಗಾಡಲಿಲ್ಲ. ರದ್ದು ಮಸೂದೆ ಬರೆದವರೂ ಅವರೇ.

ಪ್ರಶ್ನೆ: ಹಾಗಾದರೆ ಆ ರದ್ದು ಮಸೂದೆಯಲ್ಲಿ ಏನಿತ್ತು?

ಉತ್ತರ (ವಕೀಲರು): ಎಚ್‌ಬಿ142. ಒಂದು ಪುಟದಷ್ಟೂ ಇಲ್ಲ, ದಯವಿಟ್ಟು ಓದಿ. ಮೊದಲ ಕಲಮು ಎಚ್‌ಬಿ2 ಅನ್ನು ರದ್ದು ಮಾಡುತ್ತದೆ. ಪತ್ರಿಕೆಗಳ ತಲೆಬರಹ ಅಲ್ಲಿಗೇ ನಿಂತಿತು. ಎರಡನೆಯದು, ಹಲವರು ಬಳಸುವ ಶೌಚಾಲಯ, ಸ್ನಾನಗೃಹ, ಬಟ್ಟೆ ಬದಲಿಸುವ ಕೋಣೆಗಳ ಬಗ್ಗೆ ಶಾಸಕಾಂಗದ ಅನುಮತಿಯಿಲ್ಲದೆ ಯಾವ ನಗರವೂ, ಇಲಾಖೆಯೂ, ಸರ್ಕಾರಿ ವಿಶ್ವವಿದ್ಯಾಲಯವೂ ನಿಯಮ ಮಾಡುವಂತಿಲ್ಲ ಎನ್ನುತ್ತದೆ. ಇದಕ್ಕೆ ಕೊನೆಯ ದಿನಾಂಕವಿಲ್ಲ. ಮೂರನೆಯದು, ಖಾಸಗಿ ಉದ್ಯೋಗ ಮತ್ತು ಹೋಟೆಲ್, ಅಂಗಡಿಯಂಥ ಸಾರ್ವಜನಿಕ ಸೇವೆಗಳ ಬಗ್ಗೆ ನಗರಗಳು ಹೊಸ ನಿಯಮ ತರುವುದನ್ನು ತಡೆಯಿತು. ನಾಲ್ಕನೆಯದು ಆ ಮೂರನೆಯದಕ್ಕೆ ಮಾತ್ರ 2020ರ ಡಿಸೆಂಬರ್ 1ರ ಗಡುವು ಹಾಕಿತು.

ಅಂದರೆ ಷಾರ್ಲಟ್ ಮಾಡಹೊರಟಿದ್ದ ಕೆಲಸ ಇನ್ನೂ ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಯಾವ ಊರಿಗೂ ಸಾಧ್ಯವಿರಲಿಲ್ಲ. ಎಲ್‌ಜಿಬಿಟಿ ಸಂಘಟನೆಗಳು ಇದನ್ನು ಮೋಸವೆಂದೇ ಕರೆದವು, ನನಗೂ ಹಾಗೇ ಅನಿಸುತ್ತದೆ. ಎನ್‌ಸಿಎಎ ಮಾತ್ರ ಏಪ್ರಿಲ್ 4ರಂದು, ಒಲ್ಲದ ಮನಸ್ಸಿನಿಂದ ಎಂದು ಹೇಳಿಕೊಂಡೇ, ಪಂದ್ಯಗಳನ್ನು ಮರಳಿ ಕೊಡಲು ಒಪ್ಪಿತು. 2019ರ ಆಲ್‌ಸ್ಟಾರ್ ಪಂದ್ಯ ಷಾರ್ಲಟ್‌ಗೆ ಬಂತು. ಒತ್ತಡ ಹಾಕಿದವರು ‘ರದ್ದು’ ಎಂಬ ಪದ ಕೇಳಿದರು, ಅದನ್ನು ಪಡೆದು ಮನೆಗೆ ಹೋದರು. ಉಳಿದದ್ದನ್ನು ವಕೀಲರು ನ್ಯಾಯಾಲಯದಲ್ಲಿ ಬಿಡಿಸಬೇಕಾಯಿತು: ಸರ್ಕಾರದ ಅಧೀನದ ಕಟ್ಟಡಗಳಲ್ಲಿ ಟ್ರಾನ್ಸ್ ಜನ ತಮ್ಮ ಗುರುತಿಗೆ ತಕ್ಕ ಶೌಚಾಲಯ ಬಳಸುವುದನ್ನು ಎಚ್‌ಬಿ142 ತಡೆಯುವುದಿಲ್ಲ ಎಂಬ ಒಪ್ಪಂದ ತೀರ್ಪು 2019ರ ಜುಲೈನಲ್ಲಿ ಬಂತು. ಗಡುವು ಮುಗಿದ ಮೇಲೆ 2021ರ ಜನವರಿಯಲ್ಲಿ ಹಿಲ್ಸ್‌ಬರೊ, ಕಾರ್‌ಬರೊ, ಚಾಪೆಲ್ ಹಿಲ್, ಡರ್ಹಮ್ ಒಂದರ ಹಿಂದೊಂದು ನಿಯಮ ತಂದವು. ಷಾರ್ಲಟ್ ಆಗಸ್ಟ್‌ನಲ್ಲಿ ತಂದಿತು.

ಪ್ರಶ್ನೆ: 2023ರಲ್ಲಿ ಅದೇ ರಾಜ್ಯ ಇನ್ನೂ ಕಠಿಣ ಕಾನೂನುಗಳನ್ನು ತಂದಾಗ ಯಾವ ಕಂಪನಿಯೂ ಬಾಯಿ ಬಿಡಲಿಲ್ಲವಲ್ಲ?

ಉತ್ತರ (ಸಲಹೆಗಾರರು): ಹೌದು. 2023ರ ಆಗಸ್ಟ್ 16ರಂದು ಕೂಪರ್ ಅವರ ವೀಟೊ ಮೀರಿ ಅಪ್ರಾಪ್ತರ ಲಿಂಗತ್ವ ಚಿಕಿತ್ಸೆಗೆ ನಿರ್ಬಂಧ ಹಾಕುವ ಕಾನೂನೂ, ಟ್ರಾನ್ಸ್ ಹುಡುಗಿಯರು ಹೆಣ್ಣುಮಕ್ಕಳ ತಂಡಗಳಲ್ಲಿ ಆಡುವಂತಿಲ್ಲ ಎನ್ನುವ ಕಾನೂನೂ ಬಂದವು. ದೊಡ್ಡ ಹೂಡಿಕೆ ಹಿಂತೆಗೆತ ಆಗಲಿಲ್ಲ, ಸಿಎನ್‌ಬಿಸಿಯ ವ್ಯಾಪಾರಸ್ನೇಹಿ ರಾಜ್ಯಗಳ ಪಟ್ಟಿಯಲ್ಲಿ ಆ ವರ್ಷ ನಾರ್ತ್ ಕೆರೊಲಿನಾಕ್ಕೇ ಮೊದಲ ಸ್ಥಾನ.

ಮೊದಲ ಕಾರಣ, 2016ರಲ್ಲಿ ಇದು ಒಂಟಿ ರಾಜ್ಯ. 2023ರ ಹೊತ್ತಿಗೆ ಇಂಥ ಕಾನೂನಿನ ರಾಜ್ಯಗಳು ಇಪ್ಪತ್ತರ ಆಸುಪಾಸು. ಬಿಟ್ಟು ಹೋಗುವುದೆಲ್ಲಿಗೆ? ಇಂಥ ರಾಜ್ಯಗಳಿಗೆ ಸರ್ಕಾರಿ ಖರ್ಚಿನ ಪ್ರಯಾಣ ನಿಷೇಧಿಸಿದ್ದ ಕ್ಯಾಲಿಫೋರ್ನಿಯಾ ಕೂಡ ಪಟ್ಟಿ ಬೆಳೆದು ಬೆಳೆದು, 2023ರ ಸೆಪ್ಟೆಂಬರ್‌ನಲ್ಲಿ ಆ ನಿಷೇಧವನ್ನೇ ಕೈಬಿಟ್ಟಿತು. ಇನ್ನೊಂದು, ಫ್ಲೋರಿಡಾದಲ್ಲಿ 2022ರಲ್ಲಿ ಶಾಲೆಗಳಲ್ಲಿ ಎಲ್‌ಜಿಬಿಟಿ ವಿಷಯದ ಪಾಠಕ್ಕೆ ತಡೆ ಹಾಕುವ ಕಾನೂನಿನ ವಿರುದ್ಧ ಡಿಸ್ನಿ ಬಾಯಿ ಬಿಟ್ಟಿದ್ದಕ್ಕೆ ಅದರ ವಿಶೇಷ ಆಡಳಿತ ಪ್ರದೇಶದ ಹಿಡಿತವನ್ನೇ ಗವರ್ನರ್ ಕಸಿದುಕೊಂಡರು. 2023ರಲ್ಲಿ ಬಡ್ ಲೈಟ್ ಬಿಯರ್ ಟ್ರಾನ್ಸ್ ಮಹಿಳೆಯೊಬ್ಬರ ಜೊತೆ ಪ್ರಚಾರ ಮಾಡಿದ್ದಕ್ಕೆ ಎದುರು ಬಹಿಷ್ಕಾರಕ್ಕೆ ಸಿಕ್ಕಿ ಮಾರಾಟ ಕಳೆದುಕೊಂಡಿತು. ಕಂಪನಿಗಳ ಆಡಳಿತ ಮಂಡಳಿಗಳು ಇವೆರಡನ್ನೂ ನೋಡಿ ತಣ್ಣಗಾದವು. ಜೊತೆಗೆ ಈ ಸಲ ಕಾನೂನು ಮುಟ್ಟಿದ್ದು ಮಕ್ಕಳನ್ನು, ಅವರ ತಂದೆ ತಾಯಿಯರನ್ನು. ಸಮಾವೇಶಕ್ಕೆ ಬರುವ ಪ್ರತಿನಿಧಿಗೆ ನೇರ ತೊಂದರೆಯಿಲ್ಲ, ಹಾಗಾಗಿ ಯಾರ ಕ್ಯಾಲೆಂಡರೂ ಅಲುಗಾಡಲಿಲ್ಲ. ಅತಿ ಕಡಿಮೆ ಜನರ ಮೇಲೆ ಅತಿ ಭಾರದ ಕಾನೂನು ಬಿದ್ದಾಗ ಹೀಗೇ ಆಗುತ್ತದೆ, ಇದು ನನಗೆ ತೀರಾ ಬೇಸರದ ವಿಷಯ.

ಪ್ರಶ್ನೆ: ನಮ್ಮ ಕನ್ನಡ ಸಂಘದ ಸಮ್ಮೇಳನಕ್ಕೆ ಹೋಟೆಲ್ ಒಪ್ಪಂದ ಎರಡು ವರ್ಷ ಮೊದಲೇ ಆಗುತ್ತದೆ. ನಡುವೆ ಇಂಥ ಕಾನೂನು ಬಂದರೆ?

ಉತ್ತರ (ಸಲಹೆಗಾರರು): ‘ದೈವಿಕ ಆಪತ್ತು’ ಕಲಮು ನಿಮ್ಮನ್ನು ಕಾಪಾಡುವುದಿಲ್ಲ. ಅದು ಸಮ್ಮೇಳನ ನಡೆಸಲು ಅಸಾಧ್ಯವಾದಾಗ ಮಾತ್ರ, ಮನಸ್ಸಿಗೆ ಒಪ್ಪದಾಗ ಅಲ್ಲ. 500 ರೂಮ್-ರಾತ್ರಿ ಹಿಡಿದು ಶೇ 80ರ ಕನಿಷ್ಠ ಭರವಸೆ ಕೊಟ್ಟಿದ್ದೀರಿ ಎಂದುಕೊಳ್ಳಿ: 300 ಮಾತ್ರ ತುಂಬಿದರೆ ಉಳಿದ 100ರ ದುಡ್ಡು ಸಂಘವೇ ಕಟ್ಟಬೇಕು. ಪೂರ್ತಿ ರದ್ದು ಮಾಡಿದರೆ ದಿನ ಹತ್ತಿರವಾದಷ್ಟೂ ದಂಡ ಏರುತ್ತದೆ. 2015ರ ಇಂಡಿಯಾನಾ ಗಲಾಟೆ (ಎಲ್‌ಜಿಬಿಟಿ ಜನರಿಗೆ ಸೇವೆ ನಿರಾಕರಿಸಲು ಬಳಕೆಯಾಗಬಹುದೆಂದು ಜನ ವಿರೋಧಿಸಿದ ಆ ರಾಜ್ಯದ ಧಾರ್ಮಿಕ ಸ್ವಾತಂತ್ರ್ಯ ಕಾನೂನು) ಮತ್ತು ಎಚ್‌ಬಿ2 ಆದ ಮೇಲೆ ಹಲವು ಸಂಘಟನೆಗಳು ಪ್ರತ್ಯೇಕ ಕಲಮು ಸೇರಿಸುತ್ತಿವೆ. ನಿಮ್ಮದರಲ್ಲಿ ಇವು ಸ್ಪಷ್ಟವಿರಲಿ: ನಗರದ ಕಾನೂನೂ ರಾಜ್ಯದ ಕಾನೂನೂ ಎರಡೂ ಸೇರಿದೆಯೇ, ‘ಅಂಗೀಕಾರ’ವಾದರೆ ಸಾಕೋ ‘ಜಾರಿ’ಯಾಗಬೇಕೋ, ಎಷ್ಟು ದಿನದೊಳಗೆ ನೋಟಿಸ್ ಕೊಡಬೇಕು, ಮುಂಗಡ ವಾಪಸು ಬರುತ್ತದೆಯೇ. ‘ತಾರತಮ್ಯದ ವಾತಾವರಣ’ದಂಥ ಸಡಿಲ ಮಾತಿಗೆ ಹೋಟೆಲಿನ ವಕೀಲರು ಒಪ್ಪುವುದು ಕಷ್ಟ. ಸಹಿ ಹಾಕುವ ಮೊದಲೇ ಕೇಳಬೇಕು, ಆಮೇಲೆ ಸಿಗುವುದಿಲ್ಲ.

ಪ್ರಶ್ನೆ (ಮೊದಲು ಕೇಳಿದವರು): ತುಂಬಾ ಉಪಕಾರವಾಯಿತು. ಒಂದೇ ಕೊನೆಯ ಪ್ರಶ್ನೆ. ನನ್ನಂಥ ಎಚ್-1ಬಿ ನೌಕರ ಗೇ ಅನ್ನುವ ಕಾರಣಕ್ಕೆ ಕೆಲಸ ಕಳೆದುಕೊಂಡರೆ ಏನು ದಾರಿ?

ಉತ್ತರ (ವಕೀಲರು): ರಾಜ್ಯದ ಕಾನೂನಿಗೆ ಕಾಯಬೇಡಿ. ಒಕ್ಕೂಟದ ಕಾನೂನೇ ನಿಮ್ಮ ಆಧಾರ: 2020ರ ಜೂನ್ 15ರ ಬಾಸ್ಟಾಕ್ ತೀರ್ಪು. ಲೈಂಗಿಕ ಒಲವು ಅಥವಾ ಟ್ರಾನ್ಸ್ ಅನ್ನುವ ಕಾರಣಕ್ಕೆ ತೆಗೆಯುವುದು ಲಿಂಗ ತಾರತಮ್ಯವೇ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 6–3ರಿಂದ ಹೇಳಿತು. ವೀಸಾ ಯಾವುದೇ ಇರಲಿ, 15 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗೆ ಅನ್ವಯಿಸುತ್ತದೆ.

ನಾರ್ತ್ ಕೆರೊಲಿನಾದ ಖಾಸಗಿ ನೌಕರರಿಗೆ ಇಇಒಸಿ (ಒಕ್ಕೂಟ ಸರ್ಕಾರದ ಸಮಾನ ಉದ್ಯೋಗಾವಕಾಶ ಆಯೋಗ) ಬಳಿ ದೂರು ಕೊಡಲು ಇರುವುದು 180 ದಿನ. ಬೇರೆ ಎಷ್ಟೋ ರಾಜ್ಯಗಳಲ್ಲಿ 300 ದಿನ ಇರುವುದರಿಂದ ಅಂತರ್ಜಾಲದಲ್ಲಿ ಆ ಸಂಖ್ಯೆ ನೋಡಿ ಅವಕಾಶ ಕಳೆದುಕೊಳ್ಳುವವರಿದ್ದಾರೆ. ದಿನ ಎಣಿಸುವುದು ಕೆಲಸದ ಕೊನೆಯ ದಿನದಿಂದಲ್ಲ, ತೆಗೆದಿದ್ದೇವೆ ಎಂದು ತಿಳಿಸಿದ ದಿನದಿಂದ. ಆಯೋಗ ದಾವೆಗೆ ಅನುಮತಿ ಪತ್ರ ಕೊಟ್ಟ ಮೇಲೆ ನ್ಯಾಯಾಲಯಕ್ಕೆ ಹೋಗಲು 90 ದಿನ. 2025ರ ಆರಂಭದಲ್ಲಿ ಆಯೋಗವೇ ಟ್ರಾನ್ಸ್ ನೌಕರರ ಪರ ಹೂಡಿದ್ದ ಕೆಲವು ಮೊಕದ್ದಮೆಗಳಿಂದ ಹಿಂದೆ ಸರಿದಿದೆ, ಹಾಗಾಗಿ ಆಯೋಗ ನಿಮ್ಮ ಪರ ಹೋರಾಡುತ್ತದೆಂದು ನೆಚ್ಚಿ ಕೂರದೆ ಸ್ವಂತ ವಕೀಲರನ್ನು ಬೇಗ ಹಿಡಿಯಿರಿ. ವೀಸಾದ ಗಡಿಯಾರ ಬೇರೆಯೇ ಓಡುತ್ತಿರುತ್ತದೆ: ಕೆಲಸ ಹೋದ ಮೇಲೆ ಹೆಚ್ಚೆಂದರೆ 60 ದಿನ. ದೂರು ಕೊಟ್ಟಿದ್ದೀರಿ ಎಂದು ಅದು ನಿಲ್ಲುವುದಿಲ್ಲ. ಕೆಲಸದ ಮೌಲ್ಯಮಾಪನ ಪತ್ರಗಳನ್ನೂ ನಿಮ್ಮ ಬಗ್ಗೆ ಬಂದ ಮೇಲ್‌ಗಳನ್ನೂ ದಿನಾಂಕ ಸಮೇತ ಬರೆದಿಟ್ಟುಕೊಳ್ಳಿ. ಆದರೆ ಕಂಪನಿಯ ಗೋಪ್ಯ ಕಡತಗಳನ್ನು ನಿಮ್ಮ ಸ್ವಂತ ಮೇಲ್‌ಗೆ ಕಳಿಸಿಕೊಳ್ಳಬೇಡಿ. ಕೆಲಸದಿಂದ ತೆಗೆಯಲು ಅದನ್ನೇ ಕಾರಣ ಮಾಡಿದ ಪ್ರಕರಣಗಳಿವೆ.