ಫಿಲ್ಮ್‌ಟೆಕ್, ಡೌ, ಡುಪಾಂಟ್: ಮೂರೂ ಒಂದೇ ಕಂಪನಿನಾ?

ನೀರಿನ ಘಟಕದ ಆಪರೇಟರ್, ಕೋಲಾರ:
ಹೋದ ವಾರ ಆರ್‌ಒ ಮೆಂಬ್ರೇನ್ (ನೀರಿನ ಉಪ್ಪು ತಡೆಯೋ ಪೊರೆ) ಬದಲಾಯಿಸಿದೆವು. ಹಳೆಯದರ ಮೇಲೆ ಡೌ ಅಂತಿತ್ತು, ಹೊಸದರ ಮೇಲೆ ಡುಪಾಂಟ್. ಫಿಲ್ಮ್‌ಟೆಕ್ ಅನ್ನೋ ಹೆಸರು ಮಾತ್ರ ಎರಡರಲ್ಲೂ ಇದೆ. ಯಾಕೆ ಹೀಗೆ?

ನಿವೃತ್ತ ಟೆಕ್ನಿಷಿಯನ್:
ಮೂಲ ಒಂದೇ ಕಣ್ರೀ. ಫಿಲ್ಮ್‌ಟೆಕ್ ಹುಟ್ಟಿದ್ದು 1977ರಲ್ಲಿ, ಅಮೆರಿಕದ ಮಿನ್ನೆಸೋಟಾದಲ್ಲಿ. 1985ರಲ್ಲಿ ಡೌ ಕೊಂಡುಕೊಂಡಿತು. 2019ರಲ್ಲಿ ಡುಪಾಂಟ್ ಪಾಲಿಗೆ ಬಂತು.

ಆದರೆ ನನಗೆ ಮುಖ್ಯ ಅನ್ನಿಸೋದು ಫಿಲ್ಮ್‌ಟೆಕ್‌ನ ಜಾನ್ ಕೆಡಾಟ್ ಅನ್ನೋ ಸಂಶೋಧಕರ ಕೆಲಸ. ಅದಕ್ಕೂ ಮೊದಲು ಲೋಬ್ ಮತ್ತು ಸೌರಿರಾಜನ್ ಅನ್ನೋ ಇಬ್ಬರು ಸಂಶೋಧಕರು ಮಾಡಿದ ಸೆಲ್ಯುಲೋಸ್ ಅಸಿಟೇಟ್ ಪೊರೆ ಇತ್ತು. ಕೆಡಾಟ್ ಬೇರೆ ದಾರಿ ಹಿಡಿದರು. ಒಂದು ರಾಸಾಯನಿಕ ನೀರಿನಲ್ಲಿ, ಇನ್ನೊಂದು ಎಣ್ಣೆಯಂಥ ದ್ರಾವಕದಲ್ಲಿ. ಎರಡೂ ಸೇರುವ ಗೆರೆಯಲ್ಲೇ ಪಾಲಿಅಮೈಡ್ (ನೈಲಾನ್ ಜಾತಿಯ ಪ್ಲಾಸ್ಟಿಕ್) ಪೊರೆ ಕಟ್ಟಿಕೊಳ್ಳುತ್ತದೆ. ದಪ್ಪ ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ, ಕೂಡ ಇಲ್ಲ! ಉಪ್ಪನ್ನು ತಡೆಯೋದು ಅದೇ. ಕೆಳಗಿನ ಪದರಗಳೆಲ್ಲ ಬರೀ ಆಸರೆ.

ನಾನೊಮ್ಮೆ ಹಳೇ ಮೆಂಬ್ರೇನ್ ಕೊಯ್ದು ಅಂಗಳದಲ್ಲಿ ಬಿಚ್ಚಿ ಹಾಸಿದ್ದೆ. ಚಾಪೆ ಸುತ್ತಿದ ಹಾಗೆ ಹಾಳೆ ಮೇಲೆ ಹಾಳೆ, ನಡುವೆ ಬಲೆ, ಮಧ್ಯದಲ್ಲಿ ತೂತಿನ ಕೊಳವೆ. ಹಾಳೆ ಮೇಲೆ ಕೈಯಾಡಿಸಿದರೆ ಸುಣ್ಣದ ಪುಡಿ ಉದುರಿತು.

ಇನ್ನೊಬ್ಬರು:
ಕೆಡಾಟ್ ಅವರ ಆ ಪೊರೆಯ ಪೇಟೆಂಟ್ ಜಗಳವೂ ಆಗಿತ್ತು, ಅಲ್ವಾ?

ನಿವೃತ್ತ ಟೆಕ್ನಿಷಿಯನ್:
ಹೌದು, ಹೈಡ್ರಾನಾಟಿಕ್ಸ್ ಅನ್ನೋ ಇನ್ನೊಂದು ಮೆಂಬ್ರೇನ್ ಕಂಪನಿ ಜೊತೆ. ಸರ್ಕಾರಿ ಗುತ್ತಿಗೆಯ ಕೆಲಸದಲ್ಲಿ ಹುಟ್ಟಿದ ಆವಿಷ್ಕಾರ ಅಂತ 1992ರಲ್ಲಿ ಅಮೆರಿಕದ ಮೇಲ್ಮನವಿ ಕೋರ್ಟ್ ಹೇಳಿತು. ಹಾಗಾಗಿ ಹಕ್ಕು ಸರ್ಕಾರದ್ದಾಯಿತು. ಜನರ ದುಡ್ಡಲ್ಲಿ ಆದ ಕೆಲಸ, ಸರಿಯಾದ ತೀರ್ಪು ಅಂತಲೇ ನನ್ನ ಅಭಿಪ್ರಾಯ.

ಕೋಲಾರದವರೇ, ಕ್ಲೋರಿನ್ ಮಾತ್ರ ಒಳಗೆ ಬಿಡಬೇಡಿ. ಆ ತೆಳು ಪದರ ಹಾಳಾದರೆ ಮತ್ತೆ ಸರಿಹೋಗಲ್ಲ. ಕ್ಲೋರಿನ್ ತಡೆಯೋ ಕಾರ್ಬನ್ ಫಿಲ್ಟರ್ ಯಾವಾಗ ಬದಲಾಯಿಸಿದ್ದೀರಿ?