ವಿಲ್ಲಿಸ್ ಮಾಡೆಲ್‌ನಿಂದ ತೋಟದ ಜೀಪ್: ಬಾನೆಟ್ ಎತ್ತರಿಸುವುದು ಹೇಗೆ?

ಆಲ್ದೂರು_ಜೀಪ್:
ನಮಸ್ಕಾರ. 1/24 ಅಳತೆಯ ವಿಲ್ಲಿಸ್ ಎಂಬಿ ಪ್ಲಾಸ್ಟಿಕ್ ಕಿಟ್ ತರಿಸಿದ್ದೇನೆ. ಮಿಲಿಟರಿ ಜೀಪ್ ಮಾಡುವ ಮನಸ್ಸಿಲ್ಲ. ನಮ್ಮ ಕಡೆ ಕಾಫಿ ತೋಟಗಳಲ್ಲಿ ಆಳುಗಳನ್ನು, ಗೊಬ್ಬರದ ಮೂಟೆಗಳನ್ನು ಹೊತ್ತು ಓಡಾಡುತ್ತಿದ್ದ ಎತ್ತರದ ಬಾನೆಟ್‌ನ ಮಹೀಂದ್ರ ಜೀಪ್ ಇದೆಯಲ್ಲ, ಸಿಜೆ-3ಬಿ, ಅದೇ ಬೇಕು. ಬಾನೆಟ್ ಮೇಲೆ ಎಂಸೀಲ್ ಮೆತ್ತಿ ಎತ್ತರಿಸಿದರೆ ಆಗುತ್ತಾ? ಬೇರೆ ಏನೇನು ಬದಲಾಯಿಸಬೇಕು? ಕಿಟ್‌ಗೆ ದುಡ್ಡು ಜಾಸ್ತಿ ಆಗಿದೆ, ಕೆಡಿಸಲು ಇಷ್ಟವಿಲ್ಲ.

ಹಾಸನ_ಪ್ಲಾಸ್ಟಿಕ್:
ಎಂಸೀಲ್ ಮೆತ್ತಬೇಡಿ. ಅದು ಗಟ್ಟಿಯಾದ ಮೇಲೆ ಪಕ್ಕದ ಪ್ಲಾಸ್ಟಿಕ್‌ಗಿಂತ ಬಿರುಸು. ಉಜ್ಜುವಾಗ ಪ್ಲಾಸ್ಟಿಕ್ ಮೊದಲು ಸವೆಯುತ್ತದೆ, ಎಂಸೀಲ್ ಹಾಗೇ ನಿಲ್ಲುತ್ತದೆ, ಸೇರುವ ಜಾಗದಲ್ಲಿ ಏಣು ಬರುತ್ತದೆ. ಪ್ರೈಮರ್ ಹೊಡೆದಾಗ ಅದು ಎದ್ದು ಕಾಣುತ್ತದೆ. ಆಕಾರವನ್ನು ಸ್ಟೈರೀನ್ ಹಾಳೆಯಲ್ಲೇ (ಕಿಟ್‌ನಂಥದೇ ಪ್ಲಾಸ್ಟಿಕ್ ಹಾಳೆ) ಕಟ್ಟಿ, ಲಪ್ಪ (ಪುಟ್ಟಿ) ಸಂದು ತುಂಬುವುದಕ್ಕೆ ಮಾತ್ರ ಇರಲಿ.

ಕಿಟ್‌ನ ಬಾನೆಟ್ ಪಕ್ಕಕ್ಕಿಡಿ, ಮುಂದೆ ಬೇಕಾದೀತು. ಎರಡು ಮಗ್ಗುಲಿಗೆ 0.5 ಮಿಮೀ ಹಾಳೆ, ಮೇಲೆ 1 ಮಿಮೀ ಹಾಳೆ, ಡಬ್ಬಿ ತರಹ ಕೂಡಿಸಿ. ಹಾಳೆಯನ್ನು ಒಂದೇ ಸಲಕ್ಕೆ ಕತ್ತರಿಸಲು ಹೋಗಬೇಡಿ, ಬ್ಲೇಡಿನಲ್ಲಿ ಹಗುರಾಗಿ ಎರಡು ಮೂರು ಗೀರು ಎಳೆದು ಬಗ್ಗಿಸಿದರೆ ನೀಟಾಗಿ ಮುರಿಯುತ್ತದೆ. ಮುಖ್ಯವಾದದ್ದು ಒಳಮೂಲೆ. ಮೇಲಿನ ಹಾಳೆಯೂ ಮಗ್ಗುಲಿನ ಹಾಳೆಯೂ ಸೇರುವಲ್ಲಿ ಒಳಗಡೆ ಉದ್ದಕ್ಕೂ ಒಂದು ದಪ್ಪ ಪಟ್ಟಿ ಅಂಟಿಸಿ. ಆಮೇಲೆ ಹೊರಗಿನ ಅಂಚನ್ನು ದುಂಡಗೆ ಉಜ್ಜುತ್ತೀರಲ್ಲ, ಆಗ ಆ ಪಟ್ಟಿ ಇಲ್ಲದಿದ್ದರೆ ತೂತು ಬೀಳುತ್ತದೆ. ತೆಳು ಅಂಟು ಹಾಕಿ ಒಂದು ರಾತ್ರಿ ಬಿಡಿ, ಅದು ಪ್ಲಾಸ್ಟಿಕ್ಕನ್ನೇ ಕರಗಿಸಿ ಕೂಡಿಸುತ್ತದೆ. ಮೆತ್ತಗಾದ ಪ್ಲಾಸ್ಟಿಕ್ ಮತ್ತೆ ಗಟ್ಟಿಯಾಗದೆ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಕಾಗದ) ಮುಟ್ಟಿಸಬೇಡಿ. 400 ನಂಬರಿನ ಕಾಗದದಿಂದ ಶುರು ಮಾಡಿ 1000ದವರೆಗೆ ಹೋದರೆ ಸಾಕು.

ಫ್ಲೆಕ್ಸ್ ಬೋರ್ಡ್ ಅಂಗಡಿಯ ಫೋಮ್ ಶೀಟ್ ಅಗ್ಗಕ್ಕೆ ಸಿಗುತ್ತದೆ ಎಂದು ತರಬೇಡಿ. ಅದು ಪಿವಿಸಿ, ಕಿಟ್‌ನ ಅಂಟಿಗೆ ಸರಿಯಾಗಿ ಕೂರುವುದಿಲ್ಲ, ಅಂಚೂ ಸ್ಪಂಜಿನಂತೆ ಬರುತ್ತದೆ.

ಮೂಡಿಗೆರೆ_ಗ್ಯಾರೇಜ್:
ಮಾರಾಯ್ರೇ, ಮೊದಲು ನಿಜವಾದ ಜೀಪ್ ಅಳೆಯಿರಿ. ಆಲ್ದೂರಿನ ಸುತ್ತ ಯಾವುದಾದರೂ ತೋಟದ ಶೆಡ್ಡಿನಲ್ಲಿ ಒಂದು ಹಳೆಯದು ನಿಂತಿರುತ್ತದೆ, ಕೇಳಿದರೆ ಯಾರೂ ಬೇಡ ಅನ್ನುವುದಿಲ್ಲ. ಟೇಪ್ ಹಿಡಿದು ಮಿಲಿಮೀಟರಿನಲ್ಲಿ ಬರೆದುಕೊಂಡು 24ರಿಂದ ಭಾಗಿಸಿ. ಫೋಟೋ ತೆಗೆಯುವಾಗ ದೂರ ನಿಂತು ಜೂಮ್ ಮಾಡಿ. ಹತ್ತಿರದಿಂದ ತೆಗೆದರೆ ಮುಂಭಾಗ ಊದಿದಂತೆ ಬಂದು ಅಳತೆ ತಪ್ಪುತ್ತದೆ.

ಖುಷಿಯ ವಿಷಯ ಏನೆಂದರೆ ಚಾಸಿ ಮುಟ್ಟಬೇಕಿಲ್ಲ. ಎಂಬಿಗೂ 3ಬಿಗೂ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) 80 ಇಂಚೇ, ಅಂದರೆ 2032 ಮಿಮೀ. 1/24ರಲ್ಲಿ ಸುಮಾರು 84.7 ಮಿಮೀ. 1953ರಲ್ಲಿ 3ಬಿ ಬಂದಾಗ ಇನ್‌ಟೇಕ್ ವಾಲ್ವ್ ಮೇಲಿರುವ ಎತ್ತರದ ಎಂಜಿನ್ ಕೂರಿಸಿದರು, ಅದಕ್ಕೇ ಬಾನೆಟ್ ಮೇಲೇರಿತು. ಹಾಗಾಗಿ ಬಾನೆಟ್ ಒಂದನ್ನೇ ಎತ್ತಿದರೆ ಸಾಲದು, ಗ್ರಿಲ್ಲೂ ಗಾಜಿನ ಕೆಳಗಿನ ತಗಡೂ ಜೊತೆಗೇ ಏಳಬೇಕು. ಎಂಬಿ ಗ್ರಿಲ್‌ಗೆ ಒಂಬತ್ತು ಸೀಳು, 3ಬಿಗೆ ಏಳು. ಸೀಳು ಕೊರೆಯುವ ಗೋಜು ಬೇಡ, ಚೌಕಟ್ಟು ಮಾಡಿ ನಡುವೆ ಆರು ಪಟ್ಟಿ ಅಂಟಿಸಿ. ಹೆಡ್‌ಲೈಟ್ 7 ಇಂಚಿನದು, ನಿಮ್ಮ ಅಳತೆಗೆ 7.4 ಮಿಮೀ. ಚಿಕ್ಕ ತೂತು ಕೊರೆದು ದುಂಡು ಅರದಲ್ಲಿ ಅಗಲ ಮಾಡಿ.

ಮಗ್ಗುಲಿನಲ್ಲಿ ಕೊಡಲಿ, ಸಲಿಕೆ ಕೂರುವ ತಗ್ಗು ಇದೆ, ಅದನ್ನು ಮುಚ್ಚಬೇಕು. ಅಲ್ಲೂ ಹಾಳೆಯ ತುಂಡು ಕೂರಿಸಿ, ಸುತ್ತಲಿನ ಸಂದಿಗೆ ಸೂಪರ್ ಗ್ಲೂ ಜೊತೆ ಅಡುಗೆ ಸೋಡಾ. ಅದು ಕ್ಷಣದಲ್ಲಿ ಗಟ್ಟಿಯಾಗುತ್ತದೆ, ಕಲ್ಲಾಗುವ ಮೊದಲೇ ಉಜ್ಜಿಬಿಡಿ. ಹಿಂದೆ ತೆರೆಯುವ ತಗಡಿನ ಬಾಗಿಲಿನ ಗೆರೆ ಕೊರೆಯಿರಿ. ಸ್ಟೀರಿಂಗ್ ಬಲಕ್ಕೆ ಬರಬೇಕು, ಅದನ್ನು ಮರೆಯಬೇಡಿ! ಡ್ಯಾಶ್‌ನಲ್ಲಿ ಮೀಟರ್‌ಗಳು ಹೇಗೂ ನಡುವೆ ಇವೆ, ಸ್ಟೀರಿಂಗ್ ರಾಡಿನ ತೂತು, ಪೆಡಲ್ ಬದಲಾಯಿಸಿದರೆ ಆಯಿತು. ಸ್ಟೆಪ್ನಿ ಎಲ್ಲಿ ಎಂಬುದನ್ನು ನೀವು ಅಳೆದ ಜೀಪ್ ನೋಡಿ ತೀರ್ಮಾನಿಸಿ, ಒಬ್ಬೊಬ್ಬ ಮಾಲೀಕರು ಒಂದೊಂದು ಕಡೆ ಹಾಕಿಸಿರುತ್ತಾರೆ.

ಸಕಲೇಶಪುರ_ಮಳೆ:
ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಮಡ್‌ಗಾರ್ಡ್ ಅಂಚು ನೋಡಿ. ನಿಮ್ಮ 1 ಮಿಮೀ ಹಾಳೆ ಎಂದರೆ ನಿಜವಾದ ಜೀಪಿನಲ್ಲಿ 24 ಮಿಮೀ ದಪ್ಪದ ತಗಡು! ಇಡೀ ಹಾಳೆ ತೆಳ್ಳಗೆ ಮಾಡಲು ಆಗುವುದಿಲ್ಲ, ಕಣ್ಣಿಗೆ ಬೀಳುವ ತುದಿಯನ್ನು ಮಾತ್ರ ಒಳಗಿನಿಂದ ಓರೆಯಾಗಿ ಹೆರೆಯಿರಿ. ಇಷ್ಟು ಮಾಡಿದರೆ ಆಟದ ಸಾಮಾನು ಅನ್ನಿಸುವುದಿಲ್ಲ.

ಬಣ್ಣಕ್ಕೆ ಆತುರ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಲ್ಯಾಕರ್ ಸ್ಪ್ರೇ ಹೊಡೆದರೆ ಬಿಳಿ ಮಂಜು ಕಟ್ಟುತ್ತದೆ. ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ನೀರು ಅಲ್ಲೇ ಕೂರುವುದು ಇದಕ್ಕೆ ಕಾರಣ. ಕೆತ್ತುವ, ಅಂಟಿಸುವ ಕೆಲಸ ಮಳೆಯಲ್ಲಿ ಮುಗಿಸಿ, ಬಣ್ಣವನ್ನು ಬಿಸಿಲಿನ ದಿನಕ್ಕೆ ಇಟ್ಟುಕೊಳ್ಳಿ. ಮಳೆಗಾಲದಲ್ಲೇ ಹೊಡೆಯಬೇಕೆಂದರೆ ನೀರು ಬೆರೆಸುವ ಅಕ್ರಿಲಿಕ್ ತೆಗೆದುಕೊಳ್ಳಿ. ನಿಧಾನಕ್ಕೆ ಆರುತ್ತದೆ, ಆದರೆ ಈ ಕಾಟ ಇಲ್ಲ.

ಆಲ್ದೂರು_ಜೀಪ್:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪಕ್ಕದ ತೋಟದವರನ್ನು ಕೇಳಿದೆ, ಭಾನುವಾರ ಬಂದು ಅಳೆದುಕೊಳ್ಳಿ ಎಂದಿದ್ದಾರೆ. ಬಾನೆಟ್ ತೆರೆಯುವಂತೆ ಮಾಡಲೇ, ಅಂಟಿಸಿಬಿಡಲೇ?

ಹಾಸನ_ಪ್ಲಾಸ್ಟಿಕ್:
ಅಂಟಿಸಿಬಿಡಿ. ಒಳಗಿರುವುದು ಎಂಬಿ ಎಂಜಿನ್, ತೆರೆದರೆ ಅದನ್ನೂ ಹೊಸದಾಗಿ ಕಟ್ಟಬೇಕಾಗುತ್ತದೆ. ಅಳತೆ ಸಿಕ್ಕ ಮೇಲೆ ಇಲ್ಲಿ ಹಾಕಿ, ನನಗೂ ಬೇಕು.